ಏಳು ದಿನದ ಶಿರೋಧಾರೆ, ಹನ್ನೊಂದು ಸಾವಿರ ರೂಪಾಯಿ: ನಿದ್ದೆ ಬಂತಾ?

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಆಯುರ್ವೇದ ಕ್ಲಿನಿಕ್ಕಿನಲ್ಲಿ ನಿದ್ದೆಗೆ ಅಂತ ಹಣೆ ಮೇಲೆ ಎಣ್ಣೆ ಧಾರೆ ಬಿಡುವ ಶಿರೋಧಾರೆಗೆ, ಏಳು ದಿನಕ್ಕೆ 9,100 ರೂಪಾಯಿ. ಚೂರ್ಣ, ಅಂಗಾಲಿಗೆ ಹಚ್ಚುವ ಎಣ್ಣೆ ಅಂತ ಕೌಂಟರಿನಲ್ಲಿ ಕೈಗಿಟ್ಟಿದ್ದು 1,480. ಆಟೋ ಬೇರೆ. ಹನ್ನೊಂದು ಸಾವಿರ ದಾಟಿತು ಅನ್ನಿ. ನನ್ನ ಲೆಕ್ಕದಲ್ಲಿ ಹೇಳಬೇಕೆಂದರೆ ಲೈನಿಂಗ್ ಹಾಕಿದ ಇಪ್ಪತ್ತೆಂಟು ಬ್ಲೌಸಿನ ಕೂಲಿ. ಅಷ್ಟು ಕೊಟ್ಟ ಮೇಲೆ ನಿದ್ದೆ ಬಂತಾ ಅಂತ ಎಲ್ಲರೂ ಕೇಳುತ್ತಾರೆ. ಬಂತು. ಆದರೆ ನಾನು ದುಡ್ಡು ಕೊಟ್ಟ ಐಟಂನಿಂದ ಬರಲಿಲ್ಲ. ಅದೇ ಕ್ಲಿನಿಕ್ಕಿನಲ್ಲಿ ಒಬ್ಬ ಡಾಕ್ಟರು ಬಿಲ್ಲಿಗೆ ಸೇರಿಸದೆ ಹೇಳಿಕೊಟ್ಟ ಒಂದು ಕೆಲಸದಿಂದ ಬಂತು. ಅದಕ್ಕೇ ಈ ರಿವ್ಯೂ ಇಷ್ಟು ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ. ರಾಯಚೂರು ಎಷ್ಟು ದೊಡ್ಡ ಊರು ಅಂತ ಗೊತ್ತಲ್ಲ, ಅವರ ಮನೆಯವರ ಬ್ಲೌಸೂ ನಾನೇ ಹೊಲಿಯುತ್ತಿರಬಹುದು.

ನನಗೆ ನಲವತ್ತೆಂಟು ವರ್ಷ. ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಟೈಲರಿಂಗ್. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೆರಡೂವರೆ, ಒಂದು ಗಂಟೆವರೆಗೂ ಮಷಿನ್ ಮುಂದೆ ಕೂತಿರುತ್ತೇನೆ. ಸೂಜಿ ಕಾಣಬೇಕಲ್ಲ, ಬೆಳ್ಳಗಿನ ಎಲ್‌ಇಡಿ ದೀಪ ಮುಖಕ್ಕೇ ಬಡಿಯುತ್ತಿರುತ್ತದೆ, ಪಕ್ಕದಲ್ಲಿ ಚಹಾದ ಗ್ಲಾಸು. ಎಷ್ಟೋ ವರ್ಷ ಹೀಗೇ ನಡೆದಿತ್ತು, ಮಲಗಿದ ಕೂಡಲೇ ನಿದ್ದೆ ಬರುತ್ತಿತ್ತು. ಈ ಸಲ ಫಾಲ್ಗುಣದಲ್ಲಿ ಶುರುವಾಯಿತು ನೋಡಿ. ಒಂದು ಗಂಟೆಗೆ ಮಲಗಿದರೆ ಎರಡೂವರೆವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ನಿದ್ದೆ ಹತ್ತಿತು ಅನ್ನುವಷ್ಟರಲ್ಲಿ ಒಮ್ಮೆಲೇ ಮೈ ಕಾದು ಬೆವರು, ಮತ್ತೆ ಎಚ್ಚರ. ಮುಟ್ಟು ನಿಲ್ಲುವ ವಯಸ್ಸು, ಅದು ಒಂದು. ರಾಯಚೂರಿನ ಬೇಸಿಗೆ, ಅದು ಇನ್ನೊಂದು. ಆಷಾಢ ಬಂತು, ಮದುವೆಗಳು ನಿಂತವು, ಒಂದೆರಡು ಮಳೆಯೂ ಬಿತ್ತು, ನಿದ್ದೆ ಮಾತ್ರ ವಾಪಸ್ ಬರಲಿಲ್ಲ. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗಿ, ಅದು ಮೂರು ತಿಂಗಳು ನಡೆದು, ಹಗಲಿನ ಕೆಲಸವೂ ಕೆಡುತ್ತಿದ್ದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರಂತೆ. ನನಗೆ ವಾರಕ್ಕೆ ಐದು ರಾತ್ರಿ ಹೀಗಾಗುತ್ತಿತ್ತು.

ನಿದ್ದೆ ಬರುತ್ತಿಲ್ಲ ಅಂತ ಒಮ್ಮೆ ಬಾಯಿಬಿಟ್ಟು ನೋಡಿ, ಊರೆಲ್ಲ ವೈದ್ಯರೇ. ಒಬ್ಬ ಗಿರಾಕಿ ಗಸಗಸೆ ಪಾಯಸ ಅಂದಳು. ನಾದಿನಿ ಹಾಲಿಗೆ ಜಾಜಿಕಾಯಿ ತೇದು ಕುಡಿ ಅಂದಳು. ಜಾಜಿಕಾಯಿ ಚಿಟಿಕೆ ಆದರೆ ಸರಿ, ನಿದ್ದೆ ಬರಲಿ ಅಂತ ಚಮಚಗಟ್ಟಲೆ ಹಾಕಿಕೊಂಡರೆ ತಲೆ ತಿರುಗಿ, ಎದೆ ಹೊಡೆದುಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತದೆ, ಅದು ವಿಷವೇ. ಪಾಯಸ ರುಚಿಯಾಗಿತ್ತು, ಅಷ್ಟೇ. ಎದುರು ಮನೆಯ ಅಜ್ಜಿ ಎಮ್ಮೆ ಹಾಲು ಕುಡಿ ಅಂತ ಹೇಳಿದರು. ಆಮೇಲೆ ಗೊತ್ತಾಯಿತು, ನಿದ್ದೆ ಇಲ್ಲದವರಿಗೆ ಎಮ್ಮೆ ಹಾಲು ಒಳ್ಳೆಯದು ಅಂತ ಚರಕ ಸಂಹಿತೆಯಲ್ಲೇ ಇದೆಯಂತೆ. ತಿಂಗಳು ಕುಡಿದೆ. ತೂಕ ಎರಡು ಕಿಲೋ ಜಾಸ್ತಿಯಾಯಿತು. ಅಕ್ಕನ ಮಗಳು ತನ್ನ ಡಬ್ಬಿಯಿಂದ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಮ್ ಮಾತ್ರೆ ಅರ್ಧ ಮುರಿದು ಕೊಟ್ಟಳು. ಅದನ್ನು ತೆಗೆದುಕೊಂಡ ರಾತ್ರಿ ಮಲಗಿದೆ, ಸುಳ್ಳು ಹೇಳಬಾರದು. ಆದರೆ ನನ್ನ ಮಗ ಡಿ ಫಾರ್ಮ ಓದುತ್ತಿದ್ದಾನೆ, ಅವನು ಕುಣಿದಾಡಿಬಿಟ್ಟ. ಡಾಕ್ಟರು ಬರೆದುಕೊಡದೆ ಅದನ್ನು ಮುಟ್ಟಬಾರದು, ದಿನಾ ತಿಂದರೆ ಮೈಗೆ ರೂಢಿಯಾಗಿ ಬಿಡುವುದು ಕಷ್ಟ, ಬಿಡುವಾಗಲೂ ಡಾಕ್ಟರನ್ನು ಕೇಳಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಒಮ್ಮೆಲೇ ನಿಲ್ಲಿಸಬಾರದು ಅಂದ.

ಅಂಥ ಹೊತ್ತಿನಲ್ಲಿ ಒಬ್ಬ ಗಿರಾಕಿ, "ಅಕ್ಕಾರ, ಅಲ್ಲಿ ಹೋಗ್ರಿ, ಹಣಿ ಮ್ಯಾಲ ಎಣ್ಣಿ ಬಿಡ್ತಾರ, ಹಂಗ ನಿದ್ದಿ ಹತ್ತತದ" ಅಂದಳು. ಆಷಾಢದಲ್ಲಿ ಕೈ ಖಾಲಿ. ಹೋದೆ.

ಕ್ಲಿನಿಕ್ ಚೊಕ್ಕಟವಾಗಿದೆ. ಧೂಪದ ವಾಸನೆ, ಗೋಡೆಗೆ ಧನ್ವಂತರಿ ಫೋಟೋ, ಮೂಲೆಯಲ್ಲಿ ನೀರಿನ ಕಾರಂಜಿ (ಅದರ ಮೋಟರಿನ ಸದ್ದಿಗೇ ಅರ್ಧ ನಿದ್ದೆ ಹಾರುತ್ತದೆ, ಅದು ಬೇರೆ ಮಾತು). ಮೊದಲ ದಿನ ಡಾಕ್ಟರು ಸಿಗಲಿಲ್ಲ. ಕೌಂಟರಿನ ಹುಡುಗ ಬಿಪಿ ನೋಡಿ, ನಿದ್ರೆ ಪ್ಯಾಕೇಜ್ ಅಂತ ರಸೀದಿ ಹರಿದುಕೊಟ್ಟ. ನನಗೆ ಏನು ಕಾಯಿಲೆ, ಯಾವ ಮಾತ್ರೆ ತಿನ್ನುತ್ತೇನೆ, ಯಾರೂ ಕೇಳಲಿಲ್ಲ. ಹತ್ತು ಗಂಟೆಗೆ ಬರಲು ಹೇಳಿ ಹನ್ನೊಂದೂಕಾಲಿಗೆ ಒಳಗೆ ಕರೆದರು. ಏಳು ದಿನದಲ್ಲಿ ಐದು ದಿನ ಇದೇ ಕಥೆ.

ಆದರೆ ಶಿರೋಧಾರೆ ಬಗ್ಗೆ ಕೆಟ್ಟದಾಗಿ ಹೇಳಲಾರೆ. ಮರದ ದೊಡ್ಡ ಹಲಗೆ, ಅಂಚು ಕಟ್ಟಿ ಎಣ್ಣೆ ಇಳಿದುಹೋಗಲು ದಾರಿ ಮಾಡಿರುತ್ತಾರೆ, ಅದಕ್ಕೆ ದ್ರೋಣಿ ಅನ್ನುತ್ತಾರೆ. ಅಂಗಾತ ಮಲಗಿಸಿ, ಕಣ್ಣಿನ ಮೇಲೆ ಹತ್ತಿ ಇಟ್ಟು, ಹುಬ್ಬಿನ ಮೇಲೆ ಬಟ್ಟೆ ಕಟ್ಟುತ್ತಾರೆ. ಮೇಲೆ ಹಿತ್ತಾಳೆ ಪಾತ್ರೆ, ಅದರ ತಳದಲ್ಲಿ ತೂತು, ತೂತಿನಿಂದ ಬತ್ತಿ. ಹಣೆಯಿಂದ ನಾಲ್ಕು ಬೆರಳು ಎತ್ತರದಿಂದ ಉಗುರುಬೆಚ್ಚಗಿನ ಎಣ್ಣೆ ಒಂದೇ ಎಳೆಯಾಗಿ ಬೀಳುತ್ತದೆ, ಅವರು ಪಾತ್ರೆಯನ್ನು ಈ ಕಡೆಯಿಂದ ಆ ಕಡೆಗೆ ಮೆಲ್ಲಗೆ ಆಡಿಸುತ್ತಾರೆ. ನನಗೆ ಹಾಕಿದ್ದು ಕ್ಷೀರಬಲಾ ತೈಲ. ಎಳ್ಳೆಣ್ಣೆ, ಹಾಲು, ಬಲಾ ಅನ್ನುವ ಗಿಡದ ಬೇರು ಸೇರಿಸಿ ಕಾಯಿಸಿದ್ದು. ಮೊದಲ ಐದು ನಿಮಿಷ ಕಸಿವಿಸಿ. ಆಮೇಲೆ ತಲೆಯೊಳಗಿನ ಗಲಾಟೆ ಎಲ್ಲ, ಯಾರ ಬ್ಲೌಸಿಗೆ ಹುಕ್ಕು ಬಾಕಿ, ಯಾರ ದುಡ್ಡು ಬಾಕಿ, ಮಗನ ಫೀಸು, ಒಂದೊಂದೇ ದೂರ ಹೋಗುತ್ತದೆ. ಮೂರನೇ ದಿನ ನಾನು ಗೊರಕೆ ಹೊಡೆದೆನಂತೆ! ಎಣ್ಣೆ ಬಿಡುವ ಹುಡುಗಿ ಬಹಳ ಒಳ್ಳೆಯವಳು, ನಲವತ್ತು ನಿಮಿಷ ನಿಂತೇ ಇರುತ್ತಾಳೆ, ಎಳೆ ಒಮ್ಮೆಯೂ ತುಂಡಾಗಲಿಲ್ಲ. ಆ ಕೈಗೆ ಐದಕ್ಕೆ ಐದು ಕೊಡುತ್ತೇನೆ.

ತೊಂದರೆ ಏನೆಂದರೆ ಆ ನಿದ್ದೆ ಅಲ್ಲೇ ಹಲಗೆ ಮೇಲೆ ಉಳಿಯಿತು. ಮಧ್ಯಾಹ್ನ ಹನ್ನೆರಡಕ್ಕೆ ಹಣೆ ತಣ್ಣಗೆ ಮಾಡಿಕೊಂಡು, ತಲೆಗೆ ಟವೆಲ್ ಸುತ್ತಿ, ಸ್ಟೇಷನ್ ರೋಡಿನ ಧೂಳು ಹಾರನ್ನು ನಡುವೆ ಆಟೋದಲ್ಲಿ ಮನೆಗೆ ಬಂದು, ಊಟ ಮಾಡಿ ಎರಡು ತಾಸು ಮಲಗಿಬಿಡುತ್ತಿದ್ದೆ. ರಾತ್ರಿ ಮತ್ತೆ ಗೂಬೆ.

ನಾಲ್ಕನೇ ದಿನ ಡಾಕ್ಟರು ಸಿಕ್ಕರು. ಸಣ್ಣ ವಯಸ್ಸಿನ ಹುಡುಗ, ಮೂವತ್ತು ಇರಬಹುದು. ನಾನು ಚೂರ್ಣದ ಡಬ್ಬಿ ಮುಂದಿಟ್ಟು, ಇದನ್ನು ನಿಮ್ಮ ಕೌಂಟರಿನಲ್ಲಿ ಕೊಟ್ಟರು, ಥೈರಾಯ್ಡ್ ಮಾತ್ರೆ ಜೊತೆ ತಗೋಬಹುದಾ ಅಂತ ಕೇಳಿದೆ. ಅವರ ಮುಖ ಸಣ್ಣದಾಯಿತು. ಡಬ್ಬಿಯಲ್ಲಿ ಇದ್ದದ್ದು ಮುಖ್ಯವಾಗಿ ಅಶ್ವಗಂಧ. ಅದು ಕೆಲವರಲ್ಲಿ ಥೈರಾಯ್ಡ್ ಹಾರ್ಮೋನು ಏರಿಸಬಹುದು, ಥೈರಾಯ್ಡ್ ಮಾತ್ರೆ ತಿನ್ನುವವರು ಕೇಳದೆ ತೆಗೆದುಕೊಳ್ಳಬಾರದು. ಬಸುರಿಯರಿಗೂ ಬೇಡ. ಅಪರೂಪಕ್ಕೆ ಲಿವರಿಗೆ ಪೆಟ್ಟಾದದ್ದೂ ಇದೆ. ಇದನ್ನು ಅವರೇ ಹೇಳಿ ಡಬ್ಬಿ ಪಕ್ಕಕ್ಕೆ ಇಟ್ಟರು. ದುಡ್ಡು ಮಾತ್ರ ವಾಪಸ್ ಬರಲಿಲ್ಲ, ಸೀಲ್ ಒಡೆದಿದೆ ಅಂತ ಕೌಂಟರಿನಲ್ಲಿ ಅಂದರು. ಇದಕ್ಕೆ ನನ್ನ ಕಡೆಯಿಂದ ಸೊನ್ನೆ.

ಆಮೇಲೆ ಅವರು ಕೇಳಿದ ಪ್ರಶ್ನೆ: "ಅಕ್ಕಾರ, ಹಾಸಿಗಿಗೆ ಎಷ್ಟೊತ್ತಿಗೆ ಹೋಗ್ತೀರಿ?"

ನಿದ್ದಿ ಒಂದಕ್ಕೆ ಬರ್ತದ ಅಂದೆ.

"ನಿದ್ದಿ ಕೇಳಿಲ್ರಿ ನಾನು. ಹಾಸಿಗಿ ಕೇಳಿದೆ."

ಹತ್ತು ಗಂಟೆಗೆ. ಆಷಾಢ ಅಲ್ವಾ, ಕೆಲಸ ಇಲ್ಲ, ಬೇಗ ಮಲಗಿದರೆ ಸ್ವಲ್ಪ ಜಾಸ್ತಿ ನಿದ್ದೆ ಸಿಕ್ಕೀತು ಅಂತ ಹತ್ತಕ್ಕೇ ಹೋಗಿ ಬೀಳುತ್ತಿದ್ದೆ. ಏಳುವುದು ಏಳಕ್ಕೆ, ರಾತ್ರಿ ನಿದ್ದೆಗೆಟ್ಟಿದ್ದನ್ನು ಬೆಳಿಗ್ಗೆ ತುಂಬಿಕೊಳ್ಳೋಣ ಅಂತ. ಅಂದರೆ ಒಂಬತ್ತು ತಾಸು ಹಾಸಿಗೆಯಲ್ಲಿ. ನಿದ್ದೆ ಕೂಡಿಸಿದರೆ ಐದೂಕಾಲು ತಾಸು. ಉಳಿದದ್ದು ಹೊರಳಾಟ ಮತ್ತು ಗಡಿಯಾರ ನೋಡುವುದು. ಅವರು ಕಾಗದದ ಮೇಲೆ ಭಾಗಾಕಾರ ಮಾಡಿ ತೋರಿಸಿದರು, ನೂರಕ್ಕೆ 58. ಚೆನ್ನಾಗಿ ಮಲಗುವವರಿಗೆ ಇದು 85ಕ್ಕಿಂತ ಮೇಲೆ ಇರುತ್ತದೆ.

ಅವರು ಹೇಳಿದ ಸಂಗತಿ ನನ್ನ ತಲೆಗೆ ಹೋಗಿದ್ದು ಹೊಲಿಗೆ ಭಾಷೆಯಲ್ಲಿ, ಹಾಗೇ ಬರೆಯುತ್ತೇನೆ. ನಿದ್ದೆಗೆ ಎರಡು ಸಂಗತಿ ಕೂಡಿಬರಬೇಕು. ಒಂದು, ಬಾಬಿನ್‌ಗೆ ದಾರ ಸುತ್ತಿದ ಹಾಗೆ ಎದ್ದಾಗಿನಿಂದ ಮೆದುಳಿನಲ್ಲಿ ನಿದ್ದೆಯ ಒತ್ತಡ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಅಡೆನೊಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುವುದು ಅದರ ಒಂದು ಭಾಗ. ಮಧ್ಯಾಹ್ನ ಎರಡು ತಾಸು ಮಲಗಿದೆವೋ, ಅರ್ಧ ದಾರ ಬಿಚ್ಚಿತು. ಚಹಾ ಕುಡಿದರೆ ದಾರ ಬಿಚ್ಚುವುದಿಲ್ಲ, ಆದರೆ ಕೆಫೀನ್ ಹೋಗಿ ಅಡೆನೊಸಿನ್ ಕೂರುವ ಜಾಗದಲ್ಲಿ ಕೂತುಬಿಡುತ್ತದೆ, ಮೆದುಳಿಗೆ ಬಾಬಿನ್ ತುಂಬಿದ್ದೇ ಗೊತ್ತಾಗುವುದಿಲ್ಲ. ಆ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕು. ರಾತ್ರಿ ಒಂಬತ್ತಕ್ಕೆ ಕುಡಿದ ಚಹಾದ ಅರ್ಧ ಎರಡು ಗಂಟೆಗೆ ಇನ್ನೂ ಮೈಯಲ್ಲೇ ಇರುತ್ತದೆ. ಎರಡನೆಯದು ಮೆದುಳಿನೊಳಗಿನ ಗಡಿಯಾರ. ಅದು ಬೆಳಕು ನೋಡಿ ಹಗಲು ರಾತ್ರಿ ತಿಳಿಯುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್, ಅಂದರೆ ರಾತ್ರಿಯಾಯಿತು ಅಂತ ಮೈಗೆ ತಿಳಿಸುವ ಹಾರ್ಮೋನು, ಬಿಡಬೇಕು, ನಾನು ಮಧ್ಯರಾತ್ರಿವರೆಗೆ ಬೆಳ್ಳಗಿನ ದೀಪ ಮುಖಕ್ಕೆ ಹಿಡಿದುಕೊಂಡು ಕೂತರೆ ಅದು ಸಾಯಂಕಾಲ ಅಂತಲೇ ಅಂದುಕೊಳ್ಳುತ್ತದೆ. ಈ ಎರಡು ಸಂಗತಿಯ ಲೆಕ್ಕವನ್ನು ಬೋರ್ಬೆಲಿ ಅನ್ನುವ ವಿಜ್ಞಾನಿ 1982ರಲ್ಲೇ ಬರೆದಿಟ್ಟಿದ್ದಾರಂತೆ. ಗಡಿಯಾರ ಜೀವಕೋಶದಲ್ಲಿ ಹೇಗೆ ಓಡುತ್ತದೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂದಿದೆ, ಇದು ಮಗ ಸೇರಿಸಿದ್ದು.

ಇಷ್ಟು ಎಲ್ಲರೂ ಹೇಳಬಹುದು. ನನಗೆ ಚುರುಕ್ ಅಂದದ್ದು ಮುಂದಿನ ಮಾತು. ನಿದ್ದೆ ಕೆಡಲು ಮೂರು ಬಗೆಯ ಕಾರಣ ಇರುತ್ತವಂತೆ. ಮೊದಲೇ ಇರುವ ಸ್ವಭಾವ: ನಾನು ನಮ್ಮವ್ವನ ಹಾಗೆ ಚಿಂತೆ ಹಚ್ಚಿಕೊಳ್ಳುವವಳು. ಶುರು ಮಾಡಿದ ಕಾರಣ: ಮದುವೆ ಸೀಸನ್ನು, ಬೆವರು. ಮತ್ತೆ ಮುಂದುವರಿಸುವ ಕಾರಣ: ಇದು ನಿದ್ದೆ ಬರಲಿ ಅಂತ ನಾವೇ ಮಾಡಿಕೊಳ್ಳುವ ಉಪಾಯಗಳು! ಬೇಗ ಮಲಗುವುದು, ತಡವಾಗಿ ಏಳುವುದು, ಮಧ್ಯಾಹ್ನ ಮಲಗುವುದು, ಗಡಿಯಾರ ನೋಡಿ ಇನ್ನು ನಾಲ್ಕೇ ತಾಸು ಉಳಿಯಿತು ಅಂತ ಎದೆ ಬಡಿದುಕೊಳ್ಳುವುದು. ಸೀಸನ್ನು ಹೋಯಿತು, ಉಪಾಯ ಉಳಿಯಿತು. ಹಾಸಿಗೆ ಕಂಡರೇ ಮೈ ಎಚ್ಚರಾಗುವುದನ್ನು ಕಲಿತುಬಿಟ್ಟಿತು. ಅದಕ್ಕೇ ನೋಡಿ, ಟಿವಿ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದೆ, ಎದ್ದು ಹಾಸಿಗೆಗೆ ಹೋದರೆ ಕಣ್ಣು ಗಾಜು.

ಪರಿಹಾರ ಕೇಳಿ ಸಿಟ್ಟೇ ಬಂತು. ರಾತ್ರಿ ಹನ್ನೆರಡಕ್ಕಿಂತ ಮೊದಲು ಹಾಸಿಗೆಗೆ ಹೋಗಬಾರದು. ಬೆಳಿಗ್ಗೆ ಐದೂವರೆಗೆ ಏಳಲೇಬೇಕು, ನಿದ್ದೆ ಬಂದಿರಲಿ ಬಿಡಲಿ, ಭಾನುವಾರ ಇರಲಿ ಹಬ್ಬ ಇರಲಿ. ಮಧ್ಯಾಹ್ನ ಮಲಗಬಾರದು. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷದ ಮೇಲೆ ಎಚ್ಚರಿದ್ದೇನೆ ಅನ್ನಿಸಿದರೆ (ಗಡಿಯಾರ ನೋಡದೆ, ಅಂದಾಜಿನ ಮೇಲೆ) ಎದ್ದು ಬೇರೆ ಕಡೆ ಕೂರಬೇಕು, ತೂಕಡಿಕೆ ಬಂದಾಗ ಮಾತ್ರ ವಾಪಸ್. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆಯಬೇಕು. ಒಂದು ವಾರ ನೂರಕ್ಕೆ 85 ದಾಟಿದರೆ ಹದಿನೈದು ನಿಮಿಷ ಬೇಗ ಮಲಗಬಹುದು, ಹೀಗೆ ಹದಿನೈದು ಹದಿನೈದು. ನಿದ್ದೆ ಇಲ್ಲ ಅಂತ ಬಂದವಳಿಗೆ ಇನ್ನೂ ಕಡಿಮೆ ಮಲಗು ಅನ್ನುತ್ತಾರಲ್ಲ! ಇದೆಲ್ಲ ಆಯುರ್ವೇದದ್ದಾ ಅಂತ ಕೇಳಿದೆ. ಅಲ್ಲ ಅಂತ ಸತ್ಯ ಹೇಳಿದರು, ಇದು ಅಮೆರಿಕದ ಮನಶ್ಶಾಸ್ತ್ರದವರು ಕಟ್ಟಿದ್ದು, ಸಿಬಿಟಿ-ಐ ಅನ್ನುತ್ತಾರೆ (ಯೋಚನೆ, ರೂಢಿ ಬದಲಿಸಿ ನಿದ್ದೆ ಸರಿಮಾಡುವ ಚಿಕಿತ್ಸೆ), ಇದರಲ್ಲಿ ಇನ್ನೂ ಭಾಗಗಳಿವೆ, ನಾನು ನಿಮಗೆ ಎರಡೇ ಕೊಟ್ಟೆ ಅಂದರು. ಮಗ ಹುಡುಕಿ ತೋರಿಸಿದ: ದೊಡ್ಡವರಲ್ಲಿ ಹಳೆಯ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲಿ ಹೇಳಿದೆ.

ಮೊದಲ ವಾರ ನರಕ. ಹನ್ನೊಂದು ಗಂಟೆಗೆ ಕಣ್ಣು ಎಳೆಯುತ್ತದೆ, ಮಲಗುವ ಹಾಗಿಲ್ಲ. ಬಾಗಿಲಲ್ಲಿ ಪರ್ಸಿ ಕಲ್ಲಿನ ಮೇಲೆ ಕೂತು ಹಳೆ ಸೀರೆಗಳ ಕೌದಿಗೆ ಹೊಲಿಗೆ ಹಾಕಿದೆ, ಹಳದಿ ಸಣ್ಣ ದೀಪದಲ್ಲಿ. ನಾಲ್ಕನೇ ದಿನ ಒಬ್ಬಳ ಬ್ಲೌಸಿಗೆ ಎಡ ತೋಳು ಬಲಕ್ಕೆ ಕೂರಿಸಿದೆ. ಗಂಡನ ಮೇಲೆ ರೇಗಿದೆ, ಬೆಕ್ಕಿನ ಮೇಲೂ ರೇಗಿದೆ. ಎಂಟನೇ ದಿನವೋ ಒಂಬತ್ತನೆಯದೋ, ಹನ್ನೆರಡಕ್ಕೆ ತಲೆ ಇಟ್ಟದ್ದು ನೆನಪಿದೆ, ಆಮೇಲೆ ಅಲಾರಮ್ ಹೊಡೆದದ್ದೇ. ನಡುವೆ ಏನೂ ಇಲ್ಲ. ನಾನು ಎದ್ದು ಕೂತು ಸ್ವಲ್ಪ ಹೊತ್ತು ಏನಾಯಿತು ಅಂತ ಯೋಚಿಸಿದೆ. ಈಗ ದೀಪಾವಳಿ ಹತ್ತಿರ ಬಂದಿದೆ, ಹತ್ತೂ ಮುಕ್ಕಾಲಿಗೆ ಮಲಗಿ ಐದೂವರೆಗೆ ಏಳುತ್ತೇನೆ. ವಾರದಲ್ಲಿ ಒಂದು ರಾತ್ರಿ ಕೆಡುತ್ತದೆ, ಕೆಡಲಿ ಅಂತ ಬಿಡುತ್ತೇನೆ. ಮಷಿನ್ ರಾತ್ರಿ ಒಂಬತ್ತೂವರೆಗೆ ಬಂದ್, ಕೊನೆ ಚಹಾ ಮಧ್ಯಾಹ್ನ ಮೂರಕ್ಕೆ. ನಾಲ್ಕಾರು ಗಿರಾಕಿ ಬೇರೆ ಕಡೆ ಹೋದರು.

ಬೇರೆ ಮನೆಮದ್ದುಗಳ ಬಗ್ಗೆ ನನ್ನ ಅನುಭವ ಹೇಳಿಬಿಡುತ್ತೇನೆ. ಅಂಗಾಲಿಗೆ ಎಣ್ಣೆ ತಿಕ್ಕುವುದು, ಮಲಗುವ ತಾಸು ಮೊದಲು ಬಿಸಿನೀರಿನಲ್ಲಿ ಕಾಲು ಇಟ್ಟು ಕೂರುವುದು, ಇವು ನನಗೆ ಹಿಡಿಸಿದವು. ರಾಯಚೂರಿನ ಸೆಕೆಯಲ್ಲಿ ಬಿಸಿನೀರಾ ಅಂತ ನಗಬೇಡಿ. ನಿದ್ದೆ ಬರಲು ಮೈಯೊಳಗಿನ ಶಾಖ ಸ್ವಲ್ಪ ಇಳಿಯಬೇಕು, ಕಾಲು ಬೆಚ್ಚಗಾದರೆ ಅಲ್ಲಿ ರಕ್ತನಾಳ ಹಿಗ್ಗಿ ಒಳಗಿನ ಶಾಖ ಚರ್ಮದಿಂದ ಹೊರಗೆ ಹೋಗುತ್ತದೆ. ಬೇಸಿಗೆಯಲ್ಲಿ ಇದಕ್ಕಿಂತ ನಮ್ಮ ಹಳೆ ಪದ್ಧತಿಯೇ ಚಲೋ, ಸಂಜೆ ಮಾಳಿಗೆಗೆ ನೀರು ಹೊಡೆದು, ಅದು ಆರಿದ ಮೇಲೆ ಚಾಪೆ ಹಾಸುವುದು. ಅಶ್ವಗಂಧದ ಬಗ್ಗೆ ಮಗ ಓದಿದ ಪ್ರಕಾರ ಸಣ್ಣ ಸಣ್ಣ ಅಧ್ಯಯನಗಳಲ್ಲಿ ಅಲ್ಪಸ್ವಲ್ಪ ಲಾಭ ಕಂಡಿದೆ, ನನ್ನಂಥವರಿಗೆ ಅಲ್ಲ. ಆನ್‌ಲೈನಿನಲ್ಲಿ ಮಾರುವ ವಲೇರಿಯನ್, ಮೆಲಟೋನಿನ್ ಗುಳಿಗೆಗಳನ್ನು ಹಳೆಯ ನಿದ್ರಾಹೀನತೆಗೆ ಕೊಡದಿರುವುದೇ ಮೇಲು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ 2017ರಲ್ಲಿ ಹೇಳಿದೆ, ಪುರಾವೆ ಸಾಲದು ಅಂತ. ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಅನ್ನುವ ಗಂಡಸರಿಗೆ: ಬರುತ್ತದೆ, ಬೆಳಗಿನ ಜಾವ ಮುರಿದುಹೋಗುತ್ತದೆ.

ಈ ಕಡಿಮೆ ಮಲಗುವ ವಿದ್ಯೆ ಎಲ್ಲರಿಗೂ ಅಲ್ಲ. ಲಾರಿ, ಆಟೋ ಓಡಿಸುವವರು, ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆ ಇರುವವರು ಸುಮ್ನೆ ನನ್ನ ರಿವ್ಯೂ ಓದಿ ಶುರು ಮಾಡಬೇಡಿ, ಡಾಕ್ಟರು ಬೇಕೇ ಬೇಕು. ಯಾರಿಗೇ ಆದರೂ ಐದು ತಾಸಿಗಿಂತ ಕೆಳಗೆ ಇಳಿಸಬಾರದು. ಜೋರು ಗೊರಕೆ, ನಡುವೆ ಉಸಿರು ಕಟ್ಟಿದಂತಾಗುವುದು ಇದ್ದರೆ ಅದು ಬೇರೆಯೇ ರೋಗ, ಎಣ್ಣೆಗೂ ನೋಟ್‌ಬುಕ್ಕಿಗೂ ಬಗ್ಗುವುದಿಲ್ಲ. (ನನ್ನ ಗಂಡನಿಗೆ ಇದನ್ನು ಓದಿ ಹೇಳಿದೆ, ಕೇಳುತ್ತಾ ಕೇಳುತ್ತಾ ಮಲಗಿಬಿಟ್ಟರು.) ರಾತ್ರಿ ಕಾಲು ಜುಮುಜುಮು ಅಂದು ಆಡಿಸದೆ ಇರಲಾಗದಿದ್ದರೆ ಮೈಯಲ್ಲಿ ಕಬ್ಬಿಣಾಂಶ ನೋಡಿಸಿ. ಮನಸ್ಸು ಪೂರ್ತಿ ಕುಸಿದು, ಬದುಕೇ ಬೇಡ ಅನ್ನಿಸುತ್ತಿದ್ದರೆ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಗಾದರೆ ಆ ಕ್ಲಿನಿಕ್ಕಿಗೆ ಮತ್ತೆ ಹೋಗುತ್ತೀಯಾ ಅಂದರೆ, ಹೋಗುತ್ತೇನೆ, ಏಳು ದಿನಕ್ಕಲ್ಲ, ಸೀಸನ್ ಮುಗಿದ ಮೇಲೆ ಒಂದು ದಿನ, ಸುಮ್ನೆ ಹಾಯಾಗಿ ಮಲಗಲು. ನೀವು ಇಂಥ ಕಡೆ ಹೋಗುವುದಾದರೆ ರಸೀದಿಗೆ ಮೊದಲು ಡಾಕ್ಟರನ್ನು ಕೂರಿಸಿಕೊಂಡು ಮಾತಾಡಿ. ತಿನ್ನುವ ಮಾತ್ರೆಗಳ ಚೀಟಿ ಒಯ್ಯಿರಿ. ಒಬ್ಬರಿಗೆ ಬಳಸಿದ ಎಣ್ಣೆ ಇನ್ನೊಬ್ಬರಿಗೆ ಹಾಕುತ್ತಾರಾ ಕೇಳಿ. ಇಲ್ಲಿ ನನ್ನ ಹೆಸರು ಬರೆದ ಡಬ್ಬಿಯಲ್ಲೇ ಇಟ್ಟಿದ್ದರು, ಮೂರು ದಿನಕ್ಕೊಮ್ಮೆ ಹೊಸದು. ಸಂಜೆ ಸ್ಲಾಟ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಸೀಗೆಪುಡಿ ಮನೆಯಿಂದಲೇ ಒಯ್ಯಿರಿ, ಅವರು ಕೊಡುವ ಶಾಂಪೂ ಪ್ಯಾಕೆಟ್ಟಿಗೆ ಎಣ್ಣೆ ಹೋಗುವುದಿಲ್ಲ, ಬಿಲ್ಲಿನಲ್ಲಿ ಅದಕ್ಕೆ ದಿನಕ್ಕೆ ಇಪ್ಪತ್ತು ರೂಪಾಯಿ ಹಾಕಿರುತ್ತಾರೆ.